ಹಳೆಯ ವಾಷಿಂಗ್ ಮಷೀನಿಗೆ ಪಾಡ್, ಪುಡಿ, ದ್ರವ: ಮೂರನ್ನೂ ಬಳಸಿ ನೋಡಿದ ಮೇಲೆ

ನನ್ನ ವಾಷಿಂಗ್ ಮಷೀನ್ 1970ರ ದಶಕದ್ದು. ಮೇಲಿನಿಂದ ಬಟ್ಟೆ ಹಾಕುವ, ಟಬ್ಬಿನ ನಡುವೆ ಬಟ್ಟೆಯನ್ನು ಅಲುಗಾಡಿಸುವ ಕಂಬ, ಅಂದರೆ ಅಜಿಟೇಟರ್, ಇರುವ, ಒಂದೇ ಗುಂಡಿ ತಿರುಗಿಸಿ ನಡೆಸುವ ಈ ಯಂತ್ರಕ್ಕೆ ಮೊದಲಿನಿಂದಲೂ ಪುಡಿಯನ್ನೇ ಹಾಕುತ್ತಿದ್ದೆ. ಅಳೆಯುವ, ಚೆಲ್ಲುವ, ಗಂಟು ಕಟ್ಟಿದ್ದನ್ನು ಒಡೆಯುವ ರಗಳೆ ತಪ್ಪೀತೆಂದು ಪಾಡ್‌ಗಳ, ಅಂದರೆ ಒಂದು ಒಗೆತಕ್ಕೆ ಬೇಕಾದಷ್ಟು ಗಾಢ ದ್ರವ ಡಿಟರ್ಜೆಂಟನ್ನು ನೀರಿನಲ್ಲಿ ಕರಗುವ ಪೊರೆಯಲ್ಲಿ ತುಂಬಿದ ಪುಟ್ಟ ಪೊಟ್ಟಣಗಳ, ದೊಡ್ಡ ಡಬ್ಬಿಯೊಂದನ್ನು ಕೊಂಡು, ಅದು ಖಾಲಿಯಾಗುವವರೆಗೂ ಬಳಸಿದೆ. ನಡುನಡುವೆ ದ್ರವ ಡಿಟರ್ಜೆಂಟನ್ನೂ ಹಾಕಿ ನೋಡಿದೆ. ಈಗ ಮತ್ತೆ ಪುಡಿಗೇ ಮರಳಿದ್ದೇನೆ. ಎಷ್ಟು ಹಾಕಬೇಕು, ಯಾವಾಗ ಹಾಕಬೇಕು ಎಂಬುದನ್ನು ಹಳೆಯ ಯಂತ್ರವು ಒಗೆಯುವವರ ಕೈಗೆ ಬಿಡುತ್ತದೆ. ಪಾಡ್‌ನಲ್ಲಿ ಅದು ಕಾರ್ಖಾನೆಯಲ್ಲೇ ತೀರ್ಮಾನವಾಗಿರುತ್ತದೆ. ನನ್ನ ತಕರಾರುಗಳೆಲ್ಲ ಹುಟ್ಟಿದ್ದು ಇಲ್ಲಿಂದಲೇ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಪಾಡ್‌ನ ಹೊದಿಕೆ. ಅದು ಪಾಲಿವಿನೈಲ್ ಆಲ್ಕೊಹಾಲ್‌ನಿಂದ ಮಾಡಿದ ತೆಳು ಪೊರೆ. ನೀರಿನಲ್ಲಿ ಕರಗುವುದು ನಿಜ, ಆದರೆ ಕರಗಲು ಹೊತ್ತು ಬೇಕು, ನೀರು ತಣ್ಣಗಿದ್ದಷ್ಟೂ ಆ ಹೊತ್ತು ಬೆಳೆಯುತ್ತದೆ. ಮಕ್ಕಳು ಬಾಯಿಗೆ ಹಾಕಿಕೊಂಡರೆ ತಟ್ಟನೆ ಒಡೆಯದಿರಲೆಂದು ಅದನ್ನು ಬೇಕೆಂದೇ ಕೊಂಚ ಗಟ್ಟಿ ಮಾಡುತ್ತಾರೆ; ಯುರೋಪಿಯನ್ ಒಕ್ಕೂಟದಲ್ಲಿ 2015ರಿಂದ ಜಾರಿಯಲ್ಲಿರುವ ನಿಯಮದಂತೆ, 20 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಹಾಕಿದಾಗ ಕನಿಷ್ಠ 30 ಸೆಕೆಂಡುಗಳವರೆಗೆ ಪೊರೆಯು ಒಳಗಿನ ದ್ರವವನ್ನು ಹಿಡಿದಿಟ್ಟುಕೊಳ್ಳಬೇಕು. ಈ ಎಚ್ಚರಿಕೆ ಇರಲೇಬೇಕಾದದ್ದು, ಅದರ ಬಗ್ಗೆ ನನಗೆ ದೂರಿಲ್ಲ. ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಓಡುವ ಹೊಸ ಯಂತ್ರದಲ್ಲಿ ಇಂಥ ಸಣ್ಣ ತಡ ಲೆಕ್ಕಕ್ಕೇ ಬರುವುದಿಲ್ಲ. ನನ್ನ ಯಂತ್ರದಲ್ಲಾದರೋ ಅಜಿಟೇಟರ್ ಆಡುವುದು ಹೆಚ್ಚೆಂದರೆ 12 ನಿಮಿಷ, ನಾಜೂಕು ಬಟ್ಟೆಗಳಿಗೆ ಅದರ ಅರ್ಧ. ಅಷ್ಟರೊಳಗೆ ಪೊರೆ ಕರಗಬೇಕು, ದ್ರವ ಟಬ್ಬಿನ ತುಂಬ ಹರಡಬೇಕು, ಆಮೇಲೆ ಕೊಳೆಯನ್ನೂ ಬಿಡಿಸಬೇಕು.

ಖಾಲಿ ಟಬ್ಬಿನ ತಳಕ್ಕೆ ಪಾಡ್ ಹಾಕಿ ಅದರ ಮೇಲೆ ಬಟ್ಟೆ ಹಾಕಿರೆಂಬುದು ಸಾಮಾನ್ಯವಾಗಿ ಡಬ್ಬಿಯ ಮೇಲಿರುವ ಸೂಚನೆ. ಹಾಗೆಯೇ ಮಾಡಿದೆ. ಈ ಯಂತ್ರದಲ್ಲಿ ನೀರು ಮೇಲಿನಿಂದ ಬೀಳುತ್ತದೆ, ಒಣ ಬಟ್ಟೆ ಅದನ್ನು ಹೀರಿ ಭಾರವಾಗಿ ಪಾಡ್‌ನ ಮೇಲೆ ಕೂರುತ್ತದೆ. ಪಾಡ್ ಒಂದು ಮಗ್ಗುಲು ಮಾತ್ರ ನೆನೆದು ಮೆತ್ತಗಾಗಿ, ಅಜಿಟೇಟರ್‌ನ ಅಗಲವಾದ ಬುಡಕ್ಕೋ ಯಾವುದಾದರೂ ಬಟ್ಟೆಯ ಮಡಿಕೆಗೋ ಅಂಟಿಕೊಳ್ಳುತ್ತದೆ. ಒಗೆತ ಶುರುವಾದಾಗ ಅದು ಒಡೆಯುವುದು ಆ ಮಡಿಕೆಯೊಳಗೇ. ಹೀಗೆ ಒಗೆದ ಕಪ್ಪು ಅಂಗಿಯೊಂದರ ತೋಳಿನಲ್ಲಿ, ಗುಂಡಿಪಟ್ಟಿಯ ಒಳಬದಿಗೆ, ಹೆಬ್ಬೆರಳಗಲದ ಲೋಳೆ ಉಳಿದಿತ್ತು. ಒದ್ದೆಯಾಗಿದ್ದಾಗ ಕಣ್ಣಿಗೆ ಬೀಳಲಿಲ್ಲ. ಒಣಗಿದ ಮೇಲೆ ಅದು ಗಂಜಿ ಹಾಕಿದ ಬಟ್ಟೆಯಂತೆ ಸೆಡೆತು, ಅಂಚಿನಲ್ಲಿ ಹೊಳೆಯುತ್ತಿತ್ತು. ಉಗುರಿನಿಂದ ಕೆರೆದರೆ ಮೇಲಿನ ಪದರ ಸುಲಿದು ಬಂತೇ ಹೊರತು ನೇಯ್ಗೆಗಿಳಿದದ್ದು ಬಿಡಲಿಲ್ಲ. ಬಿಸಿನೀರಿನಲ್ಲಿ ನೆನೆಹಾಕಿ, ಬೆರಳುಗಳ ನಡುವೆ ತಿಕ್ಕಿದ ಮೇಲಷ್ಟೇ ಹೋಯಿತು. ಬಟ್ಟೆಯಿಂದ ಉದುರಿದ ಎಳೆಗಳನ್ನು ಹಿಡಿಯುವ ಯಂತ್ರದ ಜಾಲರಿಯಲ್ಲಿ ಕೂಡ ಪೊರೆಯ ಚೂರುಗಳು ಬಟ್ಟೆಯ ಜುಂಗಿನೊಂದಿಗೆ ಬೆರೆತು ಅಂಟಂಟಾಗಿ ಕೂತಿದ್ದವು. ಪುಡಿಯ ಕಾಲದಲ್ಲಿ ಆ ಜುಂಗು ಒಂದೇ ಎಳೆತಕ್ಕೆ ಹಾಳೆಯಾಗಿ ಎದ್ದುಬರುತ್ತಿತ್ತು, ಈಗ ಹಲ್ಲುಜ್ಜುವ ಹಳೆಯ ಬ್ರಷ್ ಬೇಕಾಯಿತು.

ಉಪಾಯಗಳಿಲ್ಲದಿಲ್ಲ. ಮೊದಲು ಟಬ್ಬಿಗೆ ಬೆಚ್ಚನೆಯ ನೀರು ತುಂಬಿಸಿ, ಪಾಡ್ ಹಾಕಿ, ಬಟ್ಟೆಯಿಲ್ಲದೆ ಅಜಿಟೇಟರನ್ನು ಒಂದೆರಡು ನಿಮಿಷ ಆಡಿಸಿ, ಪೊರೆ ಕಾಣದಾದ ಮೇಲೆ ಬಟ್ಟೆ ಹಾಕಿದರೆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಚೊಂಬಿನಷ್ಟು ಬಿಸಿನೀರಿನಲ್ಲಿ ಮೊದಲೇ ಕರಗಿಸಿ ಸುರಿದರೆ ಪೂರ್ತಿ ತಪ್ಪುತ್ತದೆ. ಆದರೆ ಯಂತ್ರದ ಪಕ್ಕ ನಿಂತು ಪಾಡ್ ಕರಗಿಸುವ ಕೆಲಸ ಮೈಮೇಲೆ ಬಂದ ಮೇಲೆ, ಅಳೆಯುವ ಕೆಲಸ ತಪ್ಪಲೆಂದು ಹೆಚ್ಚಿನ ಹಣ ತೆತ್ತದ್ದಕ್ಕೆ ಅರ್ಥವೇನು?

ಎರಡನೆಯದು ಪ್ರಮಾಣ. ಮುಂಬಾಗಿಲಿನ ಹೊಸ ಯಂತ್ರಗಳು ಒಗೆತದ ಹಂತಕ್ಕೆ 15ರಿಂದ 20 ಲೀಟರ್ ನೀರಿನಲ್ಲಿ ಕೆಲಸ ಮುಗಿಸಿದರೆ, ನನ್ನ ಟಬ್ ಪೂರ್ತಿ ತುಂಬಲು 60 ಲೀಟರ್‌ಗೂ ಹೆಚ್ಚು ಬೇಕು. ಅದೇ ಒಂದು ಪಾಡ್ ಇಲ್ಲಿ ಮೂರು ನಾಲ್ಕು ಪಟ್ಟು ತೆಳುವಾಗುತ್ತದೆ. ಮಾಸಲು ಬಟ್ಟೆಗೆ ಒಂದು ಸಾಲದು, ಎರಡು ಹಾಕಿದರೆ ಖರ್ಚು ನೇರವಾಗಿ ಇಮ್ಮಡಿ. ಕಡಿಮೆ ನೀರಿನ ಸಣ್ಣ ಒಗೆತಕ್ಕೆ ಅರ್ಧ ಸಾಕೆನಿಸಿದರೆ ಪಾಡ್ ಅರ್ಧವಾಗುವುದಿಲ್ಲ. ಕತ್ತರಿಸಲು ಹೋಗಲೂಬಾರದು, ಒಳಗಿನ ಗಾಢ ದ್ರವ ಕಣ್ಣಿಗೆ ಸಿಡಿದರೆ ಅಪಾಯ. ಒಂದೇ ಸಾಬೂನು ನೀರಿನಲ್ಲಿ ಮೊದಲು ಬಿಳಿಯದನ್ನು, ಆಮೇಲೆ ಬಣ್ಣದ್ದನ್ನು, ಕೊನೆಗೆ ನೆಲದೊರಸುವ ಬಟ್ಟೆಗಳನ್ನು ಒಗೆಯುವುದು ನನ್ನ ರೂಢಿ. ಹಳೆಯ ಯಂತ್ರಗಳಲ್ಲಿ ಕೆಲವಕ್ಕೆ ಸಾಬೂನು ನೀರನ್ನು ಪಕ್ಕದ ತೊಟ್ಟಿಗೆ ಕಳುಹಿಸಿ ಮರಳಿ ಎಳೆದುಕೊಳ್ಳುವ ಏರ್ಪಾಡೇ ಇರುತ್ತಿತ್ತು. ಪ್ರತಿ ಸುತ್ತಿಗೂ ನೀರಿನ ಜಾರುತನವನ್ನು ಕೈಯಿಂದ ಮುಟ್ಟಿ ನೋಡಿ, ಒಂದು ಚಮಚ ಪುಡಿ ಉದುರಿಸಿದರೆ ಆಯಿತು. ಪಾಡ್‌ನಿಂದ ಆ ಚಮಚದ ಕೆಲಸ ಆಗದು.

ನೊರೆಯ ವಿಷಯದಲ್ಲಿ ಮಾತ್ರ ಪಾಡ್ ಗೆದ್ದಿತು. ಕಡಿಮೆ ನೀರಿನ ಯಂತ್ರಗಳಿಗೂ ಹೊಂದುವಂತೆ ಮಾಡಿದ್ದಾದ್ದರಿಂದ ಅದರ ನೊರೆ ಅಷ್ಟಕ್ಕಷ್ಟೇ. ಟಬ್ ತಿರುಗುವಾಗ ನೊರೆ ಸಿಕ್ಕಿಕೊಂಡು ಮೋಟಾರಿಗೆ ಭಾರವಾಗುವುದಿಲ್ಲ, ಜಾಲಿಸುವುದೂ ಬೇಗ ಮುಗಿಯುತ್ತದೆ. ಬಕೆಟ್ಟಿನಲ್ಲಿ ಕೈಯಿಂದ ಒಗೆಯಲೆಂದು ಮಾಡಿದ ಪುಡಿಯನ್ನು ಯಂತ್ರಕ್ಕೆ ಸುರಿದು ನೊರೆ ಉಕ್ಕಿಸಿಕೊಂಡವರಿಗೆ ಇದು ಸಣ್ಣ ಲಾಭವಲ್ಲ.

ಪುಡಿಯ ಪರ ವಹಿಸಿದ್ದೇನೆಂದು ಅದರ ದೋಷ ಮುಚ್ಚಿಡಬೇಕಿಲ್ಲ. ತಣ್ಣೀರಿನಲ್ಲಿ ಅದೂ ಗಂಟು ಕಟ್ಟುತ್ತದೆ. ನೀರಿನ ಗಡಸುತನ ತಗ್ಗಿಸಲು ಹಲವು ಪುಡಿಗಳಲ್ಲಿ ಫಾಸ್ಫೇಟಿನ ಬದಲು ಬಳಸುವ ಜಿಯೊಲೈಟ್ ನೀರಿನಲ್ಲಿ ಕರಗದ್ದರಿಂದ, ಸರಿಯಾಗಿ ಜಾಲಿಸದಿದ್ದರೆ ಗಾಢ ಬಣ್ಣದ ಬಟ್ಟೆಯ ಮೇಲೆ ಬಿಳಿಯ ಹುಡಿ ಕಾಣುತ್ತದೆ. ಯಂತ್ರದ ಟಬ್ಬೋ ಅಜಿಟೇಟರೋ ಅಲ್ಯೂಮಿನಿಯಮ್ಮಿನದಾಗಿದ್ದರೆ ಇನ್ನೊಂದು ಎಚ್ಚರ ಬೇಕು. ಪುಡಿಗಳಲ್ಲಿರುವ ವಾಷಿಂಗ್ ಸೋಡಾದ ಕ್ಷಾರ ಆ ಲೋಹವನ್ನು ತಿನ್ನುತ್ತದೆ. ಅದನ್ನು ತಡೆಯಲೆಂದೇ ಯಂತ್ರದ ಪುಡಿಗಳಲ್ಲಿ ಸೋಡಿಯಂ ಸಿಲಿಕೇಟ್ ಬೆರೆಸುವುದುಂಟು, ಆದ್ದರಿಂದ ಬರೀ ಸೋಡಾವನ್ನು ಮನಬಂದಂತೆ ಸೇರಿಸಬಾರದು, ಒಗೆದ ನೀರನ್ನು ಟಬ್ಬಿನಲ್ಲಿ ರಾತ್ರಿಯಿಡೀ ಬಿಡಲೂಬಾರದು. ಇಷ್ಟಾದರೂ ಬಿಳಿ ಬಟ್ಟೆಗೆ ಪುಡಿಯೇ ಸೈ. ಸೋಡಿಯಂ ಪರ್‌ಕಾರ್ಬೊನೇಟ್‌ನಂಥ ಬಿಳುಪುಕಾರಕ ಒಣಗಿದ್ದರೆ ಮಾತ್ರ ಕೆಡದೆ ಉಳಿಯುತ್ತದೆ. ದ್ರವದಲ್ಲಿ, ದ್ರವ ತುಂಬಿದ ಪಾಡ್‌ನಲ್ಲಿ ಅದಕ್ಕೆ ಜಾಗವಿಲ್ಲ. ಬೆಚ್ಚನೆಯ ನೀರಿಗೆ ಪುಡಿ ಹಾಕಿ ಒಗೆದ ದಿಂಬಿನ ಚೀಲಕ್ಕೂ ಪಾಡ್‌ನಿಂದ ಒಗೆದದ್ದಕ್ಕೂ ಇರುವ ಬಣ್ಣದ ಅಂತರ ಹಗಲು ಬೆಳಕಿನಲ್ಲಿ ಕಂಡೇ ಕಾಣುತ್ತದೆ.

ದ್ರವದ ಬಗ್ಗೆ ಹೇಳಲು ಹೆಚ್ಚಿಲ್ಲ. ತಣ್ಣೀರಿಗೆ, ಎಣ್ಣೆ ಜಿಡ್ಡಿಗೆ, ಕಪ್ಪು ಬಟ್ಟೆಗೆ ಅದು ಒಳ್ಳೆಯದು; ಕೈ ಜಾರಿ ಹೆಚ್ಚು ಬಿದ್ದರೆ ಟಬ್ಬಿನ ಹೊರಮೈಯಲ್ಲಿ ಜಿಡ್ಡು ಕಟ್ಟಿ ವಾಸನೆ ಹಿಡಿಯುತ್ತದೆ. ಪಾಡ್‌ನ ಸುವಾಸನೆ ನನಗೆ ತೀರ ಗಾಢವೆನಿಸಿತು. ಒದ್ದೆ ಕೈಯಲ್ಲಿ ಡಬ್ಬಿ ತೆರೆದರೆ ಪಾಡ್‌ಗಳು ಒಂದಕ್ಕೊಂದು ಅಂಟುತ್ತವೆ.

ಹೆಚ್ಚಾಗಿ ತಣ್ಣೀರು ಬಳಸುವ, ಸಣ್ಣ ಸಣ್ಣ ಸುತ್ತುಗಳಲ್ಲಿ ಒಗೆಯುವ, ಸಾಬೂನು ನೀರನ್ನು ಮತ್ತೆ ಬಳಸುವ, ಕೈ ಬಿಗಿಹಿಡಿದು ಖರ್ಚು ಮಾಡುವ ನನಗೆ ಪುಡಿಯೇ ಸರಿ; ಜೊತೆಗೆ ಕಪ್ಪು ಬಟ್ಟೆಗೆಂದು ಸಣ್ಣದೊಂದು ದ್ರವದ ಬಾಟಲಿ. ಯಂತ್ರಕ್ಕೆ ಬಿಸಿನೀರಿನ ಸಂಪರ್ಕವಿದ್ದು, ಪ್ರತಿ ಸಲವೂ ಟಬ್ ತುಂಬ ಹಾಸು ಹೊದಿಕೆಗಳನ್ನೇ ಒಗೆಯುವವರಿಗೆ, ಅಥವಾ ಭಾರದ ಡಬ್ಬಿ ಎತ್ತಿ ಅಳೆಯಲು ಕೈ ಸಹಕರಿಸದವರಿಗೆ ಪಾಡ್ ಬೇಡವೆನ್ನುವುದಿಲ್ಲ. ಅಂಥವರು ಟಬ್ಬಿಗೆ ನೀರು ಮೊದಲು, ಪಾಡ್ ಆಮೇಲೆ, ಬಟ್ಟೆ ಕೊನೆಗೆ ಹಾಕಲಿ. ಡಬ್ಬಿಯನ್ನು ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿಡಲಿ.