ಡಿಡಿ ನಂಬಿ ಕೆಟ್ಟೆ

ಕ್ಲಸ್ಟರ್‌ನ (ಒಟ್ಟಿಗೆ ಕೆಲಸ ಮಾಡುವ ಕಂಪ್ಯೂಟರ್‌ಗಳ ಗುಂಪು) ಡಿಸ್ಕ್ ವೇಗ ಅಳೆಯಲು ಹೊರಟವರು ದಯವಿಟ್ಟು ಇದನ್ನು ಓದಿ.

ನಮ್ಮ ಲ್ಯಾಬಿಗೆ ಹೊಸ ಸ್ಟೋರೇಜ್ ಬಂದಾಗ ಅಳೆಯುವ ಕೆಲಸ ನನ್ನ ತಲೆಗೆ ಬಿತ್ತು. ಎಲ್ಲ ನೋಡ್‌ಗಳೂ (ಗುಂಪಿನ ಒಂದೊಂದು ಕಂಪ್ಯೂಟರ್) ನೆಟ್‌ವರ್ಕ್ ಮೇಲೆ ಫೈಲ್ ಹಂಚುವ ಎನ್‌ಎಫ್‌ಎಸ್ ಮೂಲಕ ಒಂದೇ ಸರ್ವರ್‌ಗೆ ಬರೆಯುತ್ತವೆ, ನಡುವೆ 10 ಗಿಗಾಬಿಟ್ ಕೇಬಲ್. ಡೇಟಾ ನಕಲು ಮಾಡುವ ಡಿಡಿ ಕಮಾಂಡ್ ಹಾಕಿ, ಬರೀ ಸೊನ್ನೆ ಕೊಡುವ ಡೆವ್ ಝೀರೋದಿಂದ 4 ಜಿಬಿ ಫೈಲ್ ಬರೆದೆ. ಅದನ್ನೇ ವಾಪಸ್ ಓದಿದೆ. ಬರೆಯುವಾಗ ಸೆಕೆಂಡಿಗೆ 1.1 ಜಿಬಿ, ಓದುವಾಗ 6.3! ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿಯೂ ಬಿಟ್ಟೆ.

ಅಲ್ಲೇ ಹೊಳೆಯಬೇಕಿತ್ತು. 10 ಗಿಗಾಬಿಟ್ ಅಂದರೆ 1.25 ಗಿಗಾಬೈಟ್ ಅಷ್ಟೇ ಅಲ್ವಾ? ಆ ಕೇಬಲ್‌ನಲ್ಲಿ 6.3 ಬರೋದು ಹೇಗೆ? ಅದು ಬಂದಿದ್ದು ನೋಡ್‌ನ ರ‍್ಯಾಮ್‌ನಿಂದ. ಈಗಷ್ಟೇ ಬರೆದ ಫೈಲನ್ನು ಲಿನಕ್ಸ್ ಅದೇ ರ‍್ಯಾಮ್‌ನಲ್ಲಿ, ಪೇಜ್ ಕ್ಯಾಶ್ ಅನ್ನೋ ಜಾಗದಲ್ಲಿ ಇಟ್ಟುಕೊಂಡಿರುತ್ತದೆ. 192 ಜಿಬಿ ರ‍್ಯಾಮ್ ಇರುವ ನೋಡ್‌ಗೆ 4 ಜಿಬಿ ಯಾವ ಲೆಕ್ಕ?

ಬರೆಯುವ ವೇಗದ ನಂಬರ್ ಇನ್ನೂ ದೊಡ್ಡ ಮೋಸ, ಯಾಕಂದ್ರೆ ಅದು ನಂಬುವ ಹಾಗಿತ್ತು. ಸರ್ವರ್‌ನಲ್ಲಿ ಝಡ್‌ಎಫ್‌ಎಸ್ ಅನ್ನೋ ಫೈಲ್ ಸಿಸ್ಟಮ್, ಡೇಟಾ ಕುಗ್ಗಿಸುವ ಕಂಪ್ರೆಶನ್ ಆನ್. ಬರೀ ಸೊನ್ನೆಗಳನ್ನು ಕಳಿಸಿದರೆ ಡಿಸ್ಕಿಗೆ ಬರೆಯೋಕೆ ಏನೂ ಉಳಿಯಲ್ಲ. ಆಮೇಲೆ ಫೈಲ್ ಹಿಡಿದ ಜಾಗ ತೋರಿಸುವ ಡಿಯು ಕಮಾಂಡ್ ಹಾಕಿ ನೋಡಿದೆ. 4 ಜಿಬಿ ಫೈಲ್ ಹಿಡಿದಿದ್ದ ಜಾಗ ಹೆಚ್ಚೂಕಮ್ಮಿ ಸೊನ್ನೆ.

ಪೆಟ್ಟು ತಿಂದಿದ್ದು ಜೂನಿಯರ್ ಹುಡುಗಿ. ನನ್ನ ನಂಬರ್ ನೋಡಿ 48 ಗಂಟೆ ಸಾಕು ಅಂತ ಜಾಬ್ ಹಾಕಿದ್ದಳು. ಕೆಲಸ ಅರ್ಧವೂ ಆಗಿರಲಿಲ್ಲ, ಟೈಮ್ ಮುಗೀತು ಅಂತ ಜಾಬ್‌ಗಳನ್ನು ಸರದಿಯಲ್ಲಿ ಓಡಿಸುವ ಸ್ಲರ್ಮ್ ಅದನ್ನು ಕೊಂದು ಹಾಕಿತು. "ನೀವೇ ಹೇಳಿದ್ರಲ್ಲ ಸರ್, ತುಂಬಾ ಫಾಸ್ಟ್ ಅಂತ" ಅಂದಳು. ಏನು ಹೇಳಲಿ?

ಡಿಸ್ಕ್ ವೇಗ ಅಳೆಯಲೆಂದೇ ಇರುವ ಎಫ್‌ಐಒ ಹಾಕಿ ಮತ್ತೆ ಅಳೆದೆ. ಅದು ಸೊನ್ನೆ ಬರೆಯಲ್ಲ, ಕಲಸುಮೇಲೋಗರ ಡೇಟಾ ಬರೆಯುತ್ತದೆ. ಫೈಲ್ ಸೈಜ್ ರ‍್ಯಾಮ್‌ಗಿಂತ ಎರಡು ಪಟ್ಟು ಇಟ್ಟೆ, ನೋಡ್‌ನ ಕ್ಯಾಶ್ ಬಳಸದ ಡೈರೆಕ್ಟ್ ಆಪ್ಷನ್ ಕೊಟ್ಟೆ, ಬರೆದಿದ್ದು ಒಂದು ನೋಡ್‌ನಿಂದ, ಓದಿದ್ದು ಇನ್ನೊಂದರಿಂದ. (ಸರ್ವರ್‌ಗೂ ತನ್ನದೇ ಕ್ಯಾಶ್ ಇರುತ್ತೆ, ಅದರ ರ‍್ಯಾಮನ್ನೂ ಫೈಲ್ ಮೀರಬೇಕು.) ಬರೆಯುವ ವೇಗ 380 ಎಂಬಿಗೆ ಇಳಿಯಿತು. ಎಂಟು ನೋಡ್ ಒಟ್ಟಿಗೆ ಬರೆದಾಗ ಒಂದೊಂದಕ್ಕೆ 50 ಕೂಡ ಸಿಗಲಿಲ್ಲ. ಜಾಬ್ ಓಡುವುದು ಈ ವೇಗದಲ್ಲೇ.

ಇನ್ನೊಂದು ಮಾತು. ಎಫ್‌ಐಒಗೆ ಫೈಲ್ ಹೆಸರಿನ ಜಾಗದಲ್ಲಿ ಅಪ್ಪಿತಪ್ಪಿಯೂ ಡಿಸ್ಕಿನ ಹೆಸರು ಕೊಡಬೇಡಿ. ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಆಗಿದ್ದರೆ ಅದರಲ್ಲಿರುವುದರ ಮೇಲೆಯೇ ಬರೆದುಬಿಡುತ್ತದೆ.

ಆ ಎಂಟು ನೋಡ್ ಟೆಸ್ಟನ್ನು ನಾನು ಓಡಿಸಿದ್ದು ಸೋಮವಾರ ಬೆಳಗ್ಗೆ 11ಕ್ಕೆ. ಸುಮ್ನೆ ಫೈಲ್ ಪಟ್ಟಿ ತೋರಿಸುವ ಎಲ್‌ಎಸ್ ಕಮಾಂಡ್ ಹೊಡೆದರೂ ಎಲ್ಲರ ಟರ್ಮಿನಲ್ ಗಪ್‌ಚುಪ್. ಈಗ ನನ್ನ ಅಳತೆಯೆಲ್ಲ ಭಾನುವಾರ ರಾತ್ರಿ, ಅದೂ ಎರಡು ದಿನ ಮುಂಚೆ ಎಲ್ಲರಿಗೂ ಮೇಲ್ ಹಾಕಿದ ಮೇಲೇ.