ಬಿಲ್ಲಿನ ಜೊತೆ ಬಂದ, ನಾನು ಕೇಳದ ಸೇವೆ: ಒಂದು ಮೊಬೈಲ್ ಅಂಗಡಿಯ ಎಸ್ಎಂಎಸ್‌ಗಳು

ಕಳೆದ ದಸರೆಗೆ ಹತ್ತು ದಿನ ಮೊದಲು, ಅಮ್ಮನಿಗೆಂದು ಮೈಸೂರಿನ ದೇವರಾಜ ಅರಸು ರಸ್ತೆಯ ಒಂದು ಮೊಬೈಲ್ ಅಂಗಡಿಯಲ್ಲಿ 14,999 ರೂಪಾಯಿಯ ಫೋನು ಕೊಂಡೆ. ಅಂಗಡಿಯ ಹೆಸರು ಬರೆಯುವುದಿಲ್ಲ. ಬೇರೆ ಮಳಿಗೆಗಳಲ್ಲಿ ಕೊಂಡ ಸ್ನೇಹಿತರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ ಆದ್ದರಿಂದ ಒಬ್ಬರನ್ನೇ ಎತ್ತಿ ತೋರಿಸುವುದು ನ್ಯಾಯವಲ್ಲ. ಕೊಳ್ಳುವಾಗಿನ ಅನುಭವ ಚೆನ್ನಾಗಿಯೇ ಇತ್ತು. ಅಲ್ಲಿದ್ದ ಹುಡುಗ ಅಮ್ಮನ ಕೈಗೆ ಎರಡು ಮೂರು ಫೋನು ಕೊಟ್ಟು, ಯಾವುದು ಹಗುರ ಎಂದು ಅವರೇ ತೂಗಿ ನೋಡಲು ಬಿಟ್ಟು, ಅಕ್ಷರಗಳನ್ನು ದೊಡ್ಡದು ಮಾಡಿ, ಕನ್ನಡ ಕೀಬೋರ್ಡ್ ಹಾಕಿಕೊಟ್ಟು, ಹಳೆಯ ಫೋನಿನ ಫೋಟೋಗಳನ್ನೆಲ್ಲ ಹೊಸದಕ್ಕೆ ಸಾಗಿಸಿ, ಟೆಂಪರ್ಡ್ ಗ್ಲಾಸನ್ನು ಒಂದು ಗುಳ್ಳೆಯೂ ಏಳದಂತೆ ಅಂಟಿಸಿದ. ಅದಕ್ಕೆ ಐದಕ್ಕೆ ಐದು ಅಂಕ. ಈ ವಿಮರ್ಶೆ ಇರುವುದು ಆ ಫೋನಿನ ಜೊತೆಗೆ ಬಿಟ್ಟಿಯಾಗಿ ಬಂದ, ಬೇಡವೆಂದರೂ ನಿಲ್ಲದೆ ಬರುತ್ತಿರುವ ಇನ್ನೊಂದು ಸೇವೆಯ ಬಗ್ಗೆ.

ಅದು ಶುರುವಾದದ್ದು ಗಲ್ಲಾದ ಬಳಿ. "ಮೇಡಂ, ನಂಬರ್ ಹೇಳಿ" ಎಂದರು. ಏಕೆ ಎಂದು ಕೇಳಿದ್ದಕ್ಕೆ "ನಂಬರ್ ಹಾಕದಿದ್ದರೆ ಸಿಸ್ಟಮ್ ಬಿಲ್ ತಗೊಳಲ್ಲ, ಆಮೇಲೆ ವಾರಂಟಿಗೂ ಬೇಕಾಗುತ್ತೆ" ಎಂಬ ಉತ್ತರ ಬಂತು. ಹಿಂದೆ ನಾಲ್ಕು ಜನ ನಿಂತಿದ್ದರು, ಅಮ್ಮನಿಗೆ ಕಾಲುನೋವು; ಹೇಳಿಬಿಟ್ಟೆ. ಮನೆಗೆ ಬಂದು ಸಮಾಧಾನವಾಗಿ ಯೋಚಿಸಿದಾಗ ಎರಡು ಕಾರಣಗಳೂ ನಿಲ್ಲುವಂಥವಲ್ಲ ಎಂದು ತಿಳಿಯಿತು. ಬಿಲ್ಲಿನಲ್ಲಿ ಏನೇನಿರಬೇಕೆಂದು ಜಿಎಸ್‌ಟಿ ನಿಯಮಗಳು ಪಟ್ಟಿ ಮಾಡಿರುವ ವಿವರಗಳಲ್ಲಿ ಗ್ರಾಹಕರ ಮೊಬೈಲ್ ಸಂಖ್ಯೆ ಇಲ್ಲ. ವಾರಂಟಿ ನಿಂತಿರುವುದು ಫೋನಿನ 15 ಅಂಕಿಗಳ ಐಎಂಇಐ ಸಂಖ್ಯೆ ಮತ್ತು ಕೊಂಡ ದಿನಾಂಕದ ಮೇಲೆ. ಸಂಖ್ಯೆ ಕೊಡದ ಗ್ರಾಹಕರಿಗೆ ಬಿಲ್ಲನ್ನೋ ಸೇವೆಯನ್ನೋ ನಿರಾಕರಿಸಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಚಿಲ್ಲರೆ ವ್ಯಾಪಾರಿಗಳಿಗೆ ಸೂಚನೆ ಕೊಟ್ಟಿದೆ. ಆ ಸೂಚನೆ ಗಲ್ಲಾದ ತನಕ ಬಂದಂತೆ ಕಾಣಲಿಲ್ಲ.

ಮೊದಲ ಸಂದೇಶ ಅದೇ ಸಂಜೆ ಬಂತು, ಖರೀದಿಗೆ ಧನ್ಯವಾದ ಎಂದು. ಅದರಲ್ಲಿ ತಪ್ಪೇನೂ ಇಲ್ಲ. ಆಯುಧಪೂಜೆಗೆ ಎರಡು, ವಿಜಯದಶಮಿಗೆ ಒಂದು, ದೀಪಾವಳಿಯ ವಾರದಲ್ಲಿ ದಿನಕ್ಕೊಂದು, ರಾಜ್ಯೋತ್ಸವಕ್ಕೆ ಇಂಗ್ಲಿಷಿನಲ್ಲಿ ಶುಭಾಶಯ ಸಹಿತ ಇಯರ್‌ಬಡ್ಸ್ ರಿಯಾಯಿತಿ, ವರ್ಷದ ಕೊನೆಗೆ ಸ್ಟಾಕ್ ತೆರವು, ಹೊಸ ವರ್ಷಕ್ಕೆ ಹೊಸ ಸ್ಟಾಕ್, ಸಂಕ್ರಾಂತಿಗೆ ಎಳ್ಳುಬೆಲ್ಲದ ಬದಲು ಪವರ್ ಬ್ಯಾಂಕು. ಪಂಚಾಂಗವನ್ನು ಇಷ್ಟು ಶ್ರದ್ಧೆಯಿಂದ ಪಾಲಿಸುವವರನ್ನು ನಾನು ಇತ್ತೀಚೆಗೆ ಕಂಡಿಲ್ಲ. ಹಬ್ಬವಿಲ್ಲದ ವಾರಗಳಿಗೂ ಕೊರತೆಯಿಲ್ಲ. ಶುಕ್ರವಾರ ಬಂದರೆ "ವೀಕೆಂಡ್ ಧಮಾಕಾ". ಒಮ್ಮೆ ಗ್ರಾಹಕರ ಹೆಸರು ಬರಬೇಕಾದ ಜಾಗದಲ್ಲಿ ನಾನು ಕೊಂಡ ಫೋನಿನ ಮಾದರಿಯೇ ಬಂದು ಕುಳಿತು, "ಪ್ರಿಯ 8 ಜಿಬಿ 128 ಜಿಬಿ ಬ್ಲೂ" ಎಂದು ನನ್ನನ್ನು ಸಂಬೋಧಿಸಿತ್ತು. ವಾಣಿಜ್ಯ ಸಂದೇಶಗಳ ಒಕ್ಕಣೆಯನ್ನು ಕಳಿಸುವವರು ಮೊದಲೇ ನೋಂದಾಯಿಸಿ, ಹೆಸರು ಮತ್ತು ಮೊತ್ತದಂಥ ಬದಲಾಗುವ ಭಾಗಗಳಿಗೆ ಮಾತ್ರ ಖಾಲಿ ಜಾಗ ಬಿಡಬೇಕು; ಆ ಖಾಲಿ ಜಾಗ ತುಂಬುವಾಗ ಯಾರೋ ಕಾಲಮ್ ತಪ್ಪಿದ್ದಾರೆ. ಈ ಐದು ತಿಂಗಳಲ್ಲಿ ನನ್ನನ್ನು ನಗಿಸಿದ ಸಂದೇಶ ಅದೊಂದೇ.

ಭಾಷೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬರುವುದೆಲ್ಲ ಇಂಗ್ಲಿಷು, ಇಲ್ಲವೇ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕಂಗ್ಲಿಷು. ಮೊದಲು ನನಗೆ ಇದು ಬರೀ ಉದಾಸೀನ ಎನ್ನಿಸಿತ್ತು. ಹಿಂದೆ ಲೆಕ್ಕಾಚಾರವೂ ಇರಬೇಕು. ಇಂಗ್ಲಿಷ್ ಲಿಪಿಯಲ್ಲಾದರೆ ಒಂದು ಎಸ್ಎಂಎಸ್‌ನಲ್ಲಿ 160 ಅಕ್ಷರ ಹಿಡಿಸುತ್ತವೆ, ಕನ್ನಡದಲ್ಲಿ 70 ಮಾತ್ರ. ಅದರಲ್ಲೂ ನಾವು ಒಂದೆಂದು ಎಣಿಸುವ ಅಕ್ಷರವನ್ನು ಯಂತ್ರ ಒಂದೆಂದು ಎಣಿಸುವುದಿಲ್ಲ. ಒತ್ತು, ಗುಣಿತ, ವಿರಾಮ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. "ವರಮಹಾಲಕ್ಷ್ಮಿ" ನಮಗೆ ಆರು ಅಕ್ಷರ, ಎಸ್ಎಂಎಸ್‌ಗೆ ಹನ್ನೆರಡು. ಹೀಗಾಗಿ ಇಂಗ್ಲಿಷಿನಲ್ಲಿ ಒಂದೇ ಸಂದೇಶದಲ್ಲಿ ಮುಗಿಯುವ ಮಾತಿಗೆ ಕನ್ನಡದಲ್ಲಿ ಎರಡು ಮೂರು ಸಂದೇಶಗಳ ದುಡ್ಡು ತೆರಬೇಕಾಗುತ್ತದೆ. ಅಂಗಡಿಯವರ ಖರ್ಚು ನನಗೆ ಅರ್ಥವಾಗುತ್ತದೆ. ಆದರೆ ಹತ್ತು ಸಲ ಇಂಗ್ಲಿಷಿನಲ್ಲಿ ಕಳಿಸುವ ಬದಲು ತಿಂಗಳಿಗೆ ಒಂದೇ ಸಲ, ಅಮ್ಮನಂಥವರಿಗೂ ಓದಲು ಬರುವಂತೆ ಕನ್ನಡದಲ್ಲಿ ಕಳಿಸಿದ್ದರೆ ಖರ್ಚೂ ಉಳಿಯುತ್ತಿತ್ತು, ನನ್ನ ತಾಳ್ಮೆಯೂ ಉಳಿಯುತ್ತಿತ್ತು.

ಒಳಗಿನ ಸರಕು ಹೇಗಿದೆ ಎಂದು ಪರೀಕ್ಷಿಸದೆ ತೀರ್ಪು ಕೊಡಬಾರದೆಂದು ಒಂದು ಸಂದೇಶವನ್ನು ನಂಬಿ ಹೋಗಿಯೂ ಬಂದೆ. "ಹಳೆಯ ಫೋನಿಗೆ 10,000 ರೂಪಾಯಿಯವರೆಗೆ ಎಕ್ಸ್‌ಚೇಂಜ್ ಬೋನಸ್" ಎಂದಿತ್ತು. ಆ ಮೊತ್ತ ಸಿಗುವುದು ಅಂಗಡಿಯ ಅತಿ ದುಬಾರಿ ಒಂದೆರಡು ಮಾದರಿಗಳನ್ನು ಕೊಳ್ಳುವವರಿಗೆ ಮಾತ್ರ. ಚೆನ್ನಾಗಿಯೇ ನಡೆಯುತ್ತಿರುವ ನನ್ನ ಫೋನಿಗೆ ಅವರು ಕಟ್ಟಿದ ಬೆಲೆ 1,800. "ನೋ ಕಾಸ್ಟ್ ಇಎಂಐ" ಎಂಬುದೂ ಹಾಗೆಯೇ. ಬ್ಯಾಂಕು ಬಡ್ಡಿಯನ್ನು ಹಾಕಿಯೇ ಹಾಕುತ್ತದೆ, ಅಷ್ಟು ಮೊತ್ತವನ್ನು ಬೆಲೆಯಲ್ಲಿ ಮೊದಲೇ ಕಳೆದು ತೋರಿಸಲಾಗುತ್ತದೆ. ಆ ಬಡ್ಡಿಯ ಮೇಲಿನ 18% ಜಿಎಸ್‌ಟಿ ಮತ್ತು ಕೆಲವು ಕಡೆ ಪ್ರೊಸೆಸಿಂಗ್ ಶುಲ್ಕ ಕೊಳ್ಳುವವರ ತಲೆಗೇ ಬರುತ್ತದೆ. ಇದನ್ನೆಲ್ಲ ವಿವರಿಸಲು ಸಂದೇಶದಲ್ಲಿ ಜಾಗವಿಲ್ಲ, ನಕ್ಷತ್ರ ಚಿಹ್ನೆಯೊಂದಕ್ಕೆ ಮಾತ್ರ ಇದೆ.

ಇಷ್ಟಾಗಿದ್ದರೆ ಅಳಿಸಿಹಾಕಿ ಸುಮ್ಮನಿರುತ್ತಿದ್ದೆ. ಈ ವಿಮರ್ಶೆ ಬರೆಯುವಂತೆ ಮಾಡಿದ್ದು ಡಿಸೆಂಬರಿನ ಒಂದು ಘಟನೆ. ಅಮ್ಮನ ಫೋನು ಚಾರ್ಜ್ ಆಗುವುದು ನಿಂತಿತು. ಅದೇ ಅಂಗಡಿಗೆ ಕೊಟ್ಟೆ, ಅವರು ಸರ್ವಿಸ್ ಸೆಂಟರಿಗೆ ಕಳಿಸಿದರು. ರಿಪೇರಿ ಆದೊಡನೆ ಎಸ್ಎಂಎಸ್ ಬರುತ್ತದೆ ಎಂದರು. ಎಂಟು ದಿನ ಕಾದೆ. ಊರಿನಲ್ಲಿದ್ದ ಅಮ್ಮ ಪಕ್ಕದ ಮನೆಯವರ ಫೋನಿನಿಂದ ಕರೆ ಮಾಡಿ "ಇನ್ನೂ ಆಗಲಿಲ್ವೇನೇ?" ಎಂದು ಕೇಳುತ್ತಲೇ ಇದ್ದರು. ಒಂಬತ್ತನೆಯ ದಿನ ಅಂಗಡಿಗೆ ಹೋದರೆ, ಫೋನು ಐದು ದಿನದ ಹಿಂದೆಯೇ ಬಂದು ಅವರ ಡ್ರಾಯರಿನಲ್ಲಿ ಕುಳಿತಿದೆ. ಸಂದೇಶ ಕಳಿಸಿದ್ದೇವೆ ಎಂದರು. ತೆಗೆದು ನೋಡಿದೆ, ನಿಜ, ಕಳಿಸಿದ್ದರು. ಅದು ಕ್ರಿಸ್‌ಮಸ್ ಕೊಡುಗೆಯ ಎರಡು ಸಂದೇಶಗಳ ನಡುವೆ, ಅದೇ ಹೆಸರಿನಿಂದ, ಅದೇ "ಪ್ರಿಯ ಗ್ರಾಹಕರೇ"ಯಿಂದ ಆರಂಭವಾಗಿ ಬಿದ್ದಿತ್ತು. ಆ ಹೆಸರು ಕಂಡರೆ ಓದದೆ ಬೆರಳಿನಿಂದ ಸರಿಸುವುದನ್ನು ಮೂರು ತಿಂಗಳಲ್ಲಿ ಅವರೇ ನನಗೆ ಕಲಿಸಿದ್ದರು. ಐದು ದಿನ ಅಮ್ಮ ಫೋನಿಲ್ಲದೆ ಕಳೆದದ್ದಕ್ಕೆ ನನ್ನ ಅಜಾಗರೂಕತೆಯೂ ಕಾರಣ ಎಂದು ಒಪ್ಪುತ್ತೇನೆ, ಆದರೆ ಅದರ ಹೆಚ್ಚಿನ ಪಾಲು ಯಾರದ್ದೆಂಬ ಬಗ್ಗೆ ನನಗೆ ಅನುಮಾನವಿಲ್ಲ.

ಅಂದಿನಿಂದ ಇದನ್ನು ನಿಲ್ಲಿಸುವ ದಾರಿ ಹುಡುಕತೊಡಗಿದೆ. ನನ್ನ ಸಂಖ್ಯೆಗೆ ಡಿಎನ್‌ಡಿ, ಅಂದರೆ ಪ್ರಚಾರದ ಕರೆ, ಸಂದೇಶಗಳು ಬೇಡವೆಂಬ ನೋಂದಣಿ, ಹಾಕಿಸಿ ವರ್ಷಗಳಾಗಿವೆ. 1909ಕ್ಕೆ ಕರೆ ಮಾಡಿಯೋ ಸಂದೇಶ ಕಳಿಸಿಯೋ ಎಲ್ಲ ಪ್ರಚಾರವನ್ನೂ ತಡೆಯಬಹುದು, ಇಲ್ಲವೇ ಬ್ಯಾಂಕಿಂಗ್, ರಿಯಲ್ ಎಸ್ಟೇಟ್, ಶಿಕ್ಷಣ, ಆರೋಗ್ಯ ಹೀಗೆ ಬೇಕಾದ ವಿಭಾಗವನ್ನಷ್ಟೇ ತಡೆಯಬಹುದು. ಹಾಗಿದ್ದೂ ಈ ಅಂಗಡಿಯ ಸಂದೇಶ ಹೇಗೆ ಒಳಗೆ ಬಂತು? ಉತ್ತರ, ಸಂದೇಶ ಕಳಿಸುವವರ ಹೆಸರಿನಲ್ಲೇ ಇತ್ತು. ಆ ಹೆಸರಿನ ಮೊದಲ ಅಕ್ಷರ ಸಂದೇಶ ಸಾಗಿಸುವ ದೂರಸಂಪರ್ಕ ಕಂಪನಿಯದು, ಎರಡನೆಯದು ವಲಯದ್ದು, ಕರ್ನಾಟಕಕ್ಕೆ "ಎಕ್ಸ್". ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2025ರ ಫೆಬ್ರವರಿಯಲ್ಲಿ ನಿಯಮ ತಿದ್ದಿದ ಮೇಲೆ ಕೊನೆಗೊಂದು ಅಕ್ಷರವೂ ಸೇರಿದೆ: ಪ್ರಚಾರಕ್ಕೆ "ಪಿ", ಸೇವೆಗೆ "ಎಸ್", ವಹಿವಾಟಿಗೆ "ಟಿ", ಸರ್ಕಾರಕ್ಕೆ "ಜಿ". ಡಿಎನ್‌ಡಿ ತಡೆಯುವುದು ಪ್ರಚಾರವನ್ನು. ಸೇವೆಯ ಸಂದೇಶಗಳಿಗೆ ಬಾಗಿಲು ತೆರೆದೇ ಇರುತ್ತದೆ. ನನಗೆ ಬಂದಿದ್ದ ಇಯರ್‌ಬಡ್ಸ್, ಪವರ್ ಬ್ಯಾಂಕು, ಧಮಾಕಾ ಎಲ್ಲದರ ಕೊನೆಯಲ್ಲೂ "ಎಸ್" ಇತ್ತು. "ನಿಮ್ಮ ಖರೀದಿಗೆ ವಂದನೆ" ಎಂಬ ಒಂದು ಸಾಲು ಮೇಲೆ, ರಿಯಾಯಿತಿಯ ಮೂರು ಸಾಲು ಕೆಳಗೆ. ಮದುವೆ ಮನೆಗೆ ಗಂಡಿನ ಕಡೆಯವರೆಂದು ಹೇಳಿಕೊಂಡು ಊಟಕ್ಕೆ ಕೂರುವವರ ಹಾಗೆ ಇದು. ಸೇವೆಯ ಸಂದೇಶದೊಳಗೆ ಪ್ರಚಾರ ಬೆರೆಸಿದರೆ ಅದು ಪ್ರಚಾರವೇ ಎಂದು ನಿಯಮ ಹೇಳುತ್ತದೆ.

ದೂರು ಕೊಡುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಮೊದಲು ಸಂದೇಶ ಬಂದ ಮೂರು ದಿನದೊಳಗೆ ದೂರಬೇಕಿತ್ತು, ಈಗ ಏಳು ದಿನ ಅವಕಾಶವಿದೆ. ಸಂದೇಶದ ಒಕ್ಕಣೆ, ಕಳಿಸಿದವರ ಹೆಸರು, ದಿನಾಂಕ ಮೂರನ್ನೂ ಬರೆದು 1909ಕ್ಕೆ ಕಳಿಸಿದೆ. ದೂರಿನ ಸಂಖ್ಯೆ ಬಂತು. ಕೆಲವು ದಿನಗಳ ಮೇಲೆ, ಗ್ರಾಹಕರ ಸಮ್ಮತಿ ಇರುವುದರಿಂದ ದೂರನ್ನು ಮುಕ್ತಾಯ ಮಾಡಲಾಗಿದೆ ಎಂಬ ಉತ್ತರ ಬಂತು. ನಾನು ಯಾವಾಗ ಸಮ್ಮತಿಸಿದೆ? ಬಿಲ್ಲನ್ನು ಹುಡುಕಿ ತೆಗೆದೆ. ಹಿಂಬದಿಯಲ್ಲಿ, ಅಮ್ಮನ ಫೋನಿನ ಕ್ಯಾಮೆರಾದಿಂದ ಹಿಗ್ಗಿಸಿ ಓದಬೇಕಾದಷ್ಟು ಸಣ್ಣಗೆ, ಹನ್ನೊಂದನೆಯ ಷರತ್ತಾಗಿ ಅದು ಕೂತಿತ್ತು. ಆದರೆ ಒಂದು ವ್ಯವಹಾರವನ್ನು ಪೂರೈಸಲೆಂದು ಪಡೆದ ಸಮ್ಮತಿ ಏಳು ದಿನಕ್ಕಷ್ಟೇ ಸಲ್ಲುತ್ತದೆ ಎಂಬುದು ಅದೇ 2025ರ ತಿದ್ದುಪಡಿಯಲ್ಲಿದೆ. ಇದನ್ನು ಉಲ್ಲೇಖಿಸಿ ಮತ್ತೆ ಬರೆದೆ. ಈ ಸಲ ಉತ್ತರ ಬರಲಿಲ್ಲ, ಸಂದೇಶಗಳು ನಿಂತವು.

ಮೂರು ವಾರ ಶಾಂತಿ ಇತ್ತು. ಆಮೇಲೆ ಹತ್ತು ಅಂಕಿಯ ಒಂದು ಸಾಧಾರಣ ಮೊಬೈಲ್ ಸಂಖ್ಯೆಯಿಂದ, ಅದೇ ಅಂಗಡಿಯ ಅದೇ ಕೊಡುಗೆ ಬಂತು. ಇದು ಮೊದಲಿನದಕ್ಕಿಂತ ಕೆಟ್ಟದ್ದು. ನೋಂದಾಯಿತ ಹೆಸರಿನಿಂದ ಬಂದರೆ ಕಳಿಸಿದವರು ಯಾರೆಂದು ಹಿಂಬಾಲಿಸಿ ಹೋಗಬಹುದು, ಒಳಗಿರುವ ಕೊಂಡಿಗೂ ಮೊದಲೇ ಅನುಮತಿ ಪಡೆದಿರಬೇಕೆಂಬ ನಿಯಮ 2024ರ ಅಕ್ಟೋಬರಿನಿಂದ ಇದೆ. ಹತ್ತು ಅಂಕಿಯ ಸಂಖ್ಯೆಯಿಂದ ಬರುವ ಮೊಟಕು ಕೊಂಡಿ ಅಂಗಡಿಯದೋ ವಂಚಕರದೋ ಎಂದು ತಿಳಿಯುವ ಬಗೆಯೇ ಇಲ್ಲ. ಗುರುತಿಲ್ಲದ ಕೊಂಡಿಯನ್ನು ಒತ್ತಬಾರದೆಂದು ನಾನು ಅಮ್ಮನಿಗೆ ನೂರು ಸಲ ಹೇಳಿದ್ದೇನೆ. ಅವರಿಗೆ ಫೋನು ಮಾರಿದ ಅಂಗಡಿಯೇ ಅಂಥದನ್ನು ಕಳಿಸಿದರೆ ನನ್ನ ಮಾತಿಗೆ ಏನು ಬೆಲೆ? ವಾಟ್ಸ್ಆ್ಯಪ್‌ನಲ್ಲಿ ಬರುವುದಕ್ಕೆ ಡಿಎನ್‌ಡಿಯೂ ಅನ್ವಯಿಸುವುದಿಲ್ಲ. ಅಲ್ಲಿ ಬ್ಲಾಕ್ ಮಾಡುವುದೊಂದೇ ದಾರಿ, ಮಾಡಿದೆ.

ಕೊನೆಗೆ ಮ್ಯಾನೇಜರರನ್ನು ಕಂಡು ಮಾತನಾಡಿದೆ. ಸಂಭಾವಿತರು, ಕುರ್ಚಿ ಹಾಕಿಸಿದರು, ಕಾಫಿ ತರಿಸಿದರು. ಸಂದೇಶಗಳು ಕೇಂದ್ರ ಕಚೇರಿಯಿಂದ ಹೋಗುತ್ತವೆ, ಶಾಖೆಗೆ ಅದರ ಮೇಲೆ ಹಿಡಿತವಿಲ್ಲ ಎಂದರು. ಹತ್ತು ಅಂಕಿಯ ಸಂಖ್ಯೆಯ ಬಗ್ಗೆ ಕೇಳಿದಾಗ ಸ್ವಲ್ಪ ತಡೆದು, ತಿಂಗಳ ಟಾರ್ಗೆಟ್ ಮುಟ್ಟದಿದ್ದರೆ ಹುಡುಗರು ತಮ್ಮ ಸಿಮ್‌ನಿಂದಲೇ ಕಳಿಸುತ್ತಾರೆ ಎಂದು ಒಪ್ಪಿಕೊಂಡರು. ಅಮ್ಮನ ಫೋನಿಗೆ ಗುಳ್ಳೆ ಏಳದಂತೆ ಗ್ಲಾಸ್ ಅಂಟಿಸಿದ ಹುಡುಗನೂ ಅವರಲ್ಲೊಬ್ಬನಿರಬಹುದು. ಆ ಯೋಚನೆ ಬಂದ ಮೇಲೆ ಏರಿದ ದನಿಯಲ್ಲಿ ಮಾತನಾಡಲು ಆಗಲಿಲ್ಲ. ರಿಪೇರಿಯ ಸಂದೇಶಕ್ಕೆ ಬೇರೆ ಹೆಸರು ಇಡಿ, ಜಾಹೀರಾತಿಗೆ ಬೇರೆ ಹೆಸರು ಇಡಿ, ಆಗ ಕನಿಷ್ಠ ಒಂದನ್ನಾದರೂ ಓದುತ್ತೇವೆ ಎಂದು ಹೇಳಿ ಬಂದೆ. ಬರೆದುಕೊಂಡರು.

ಹೋಲಿಕೆಗೆ ಒಂದು ಮಾತು. ನಮ್ಮ ಬಡಾವಣೆಯಲ್ಲಿ ಕೈಬರಹದ ಬಿಲ್ ಕೊಡುವ ಪುಟ್ಟ ರಿಪೇರಿ ಅಂಗಡಿಯೊಂದಿದೆ. ಅವರು ನನ್ನ ಸಂಖ್ಯೆಯನ್ನು ರಟ್ಟಿನ ಚೀಟಿಯ ಮೇಲೆ ಬರೆದು ಫೋನಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟುತ್ತಾರೆ, ಕೆಲಸ ಮುಗಿದಾಗ ಒಂದು ಕರೆ ಮಾಡುತ್ತಾರೆ, ಫೋನು ಕೊಡುವಾಗ ಚೀಟಿ ಹರಿದು ಬುಟ್ಟಿಗೆ ಹಾಕುತ್ತಾರೆ. ಅಲ್ಲಿ ಹೊಸ ಫೋನು ಸಿಗುವುದಿಲ್ಲ, ಎಕ್ಸ್‌ಚೇಂಜ್ ಇಲ್ಲ, ಇಎಂಐ ಇಲ್ಲ. ಹೊಸದು ಬೇಕಾದಾಗ ಮತ್ತೆ ಅರಸು ರಸ್ತೆಗೇ ಹೋಗಬೇಕು.

ಅಂಕಗಳು: ಮಾರಾಟಕ್ಕೆ 5, ರಿಪೇರಿಗೆ 3, ಸಂದೇಶಗಳಿಗೆ ಸೊನ್ನೆ.

ಹೋದ ವಾರ ಬ್ಯಾಕ್ ಕವರ್ ಕೊಳ್ಳಲೆಂದು ಅದೇ ಅಂಗಡಿಗೆ ಹೋಗಿದ್ದೆ. ಬೆಲೆ 249 ರೂಪಾಯಿ. ಗಲ್ಲಾದಲ್ಲಿ ಮತ್ತೆ "ಮೇಡಂ, ನಂಬರ್" ಎಂದರು. ಕೊಡುವುದಿಲ್ಲ ಎಂದೆ. ಸಿಸ್ಟಮ್ ಬಿಲ್ ತೆಗೆದುಕೊಳ್ಳುವುದಿಲ್ಲವೆಂದು ಹೇಳಲು ಬಾಯಿ ತೆರೆದ ಹುಡುಗಿ ನನ್ನ ಮುಖ ನೋಡಿ ಸುಮ್ಮನಾಗಿ, ಒಂದೇ ಅಂಕಿಯನ್ನು ಹತ್ತು ಸಲ ಒತ್ತಿದಳು. ಬಿಲ್ ಸರಾಗವಾಗಿ ಹೊರಗೆ ಬಂತು.