ಪುಣೆಯಲ್ಲಿ ಕೆಲಸ ಹುಡುಕುತ್ತಿದ್ದೀರಾ? ಹಳೆ ಕಾಮೆಂಟುಗಳನ್ನು ಮೊದಲು ಹುಡುಕಿ

2022ರ ಡಿಸೆಂಬರಿನ ಗಡಿ ಗಲಾಟೆ ನೆನಪಿರಬೇಕು. ಬೆಳಗಾವಿಯ ಹಿರೇಬಾಗೇವಾಡಿ ಹತ್ತಿರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು, ಪುಣೆಯ ಸ್ವಾರ್ಗೇಟ್‌ನಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಆ ಸಿಟ್ಟಿನಲ್ಲಿ, ಪುಣೆಯ ವಾಕಡ್‌ನಲ್ಲಿದ್ದ ವಿಜಯಪುರ ಕಡೆಯ ಹುಡುಗನೊಬ್ಬ ಒಂದು ನ್ಯೂಸ್ ಪೇಜಿನಲ್ಲಿ ಮರಾಠಿಗರನ್ನು ಹೊಲಸಾಗಿ ಬೈದು ಕಾಮೆಂಟ್ ಹಾಕಿದ. ಮುಂದೆ ಪುಣೆಯ ಐಟಿ ಪ್ರದೇಶ ಹಿಂಜವಡಿಯ ಕಂಪನಿಯೊಂದರಿಂದ ಆಫರ್ ಬಂತು. ಹಳೆ ಕೆಲಸಕ್ಕೆ ಪೇಪರ್ ಹಾಕಿ (ರಾಜೀನಾಮೆ ಕೊಟ್ಟು) ನೋಟಿಸ್ ಪಿರಿಯಡ್‌ನಲ್ಲಿದ್ದಾಗ ಆ ಆಫರ್ ವಾಪಸಾಯಿತು. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ (ಸೇರಿಸಿಕೊಳ್ಳುವ ಮೊದಲು ಕಂಪನಿ ಮಾಡಿಸುವ ಹಿನ್ನೆಲೆ ತಪಾಸಣೆ) ವರದಿಯಲ್ಲಿ ಅದೇ ಕಾಮೆಂಟಿನ ಸ್ಕ್ರೀನ್‌ಶಾಟ್ ಇತ್ತು, ಹೆಸರು, ಫೋಟೊ ಸಮೇತ.

ಹುಡುಗ ಸುಮ್ಮನೆ ಕೂತಿರಲಿಲ್ಲ. ಅರ್ಜಿ ಹಾಕುವ ಮೊದಲೇ ಫೇಸ್‌ಬುಕ್‌ನಲ್ಲಿ 'ಲಿಮಿಟ್ ಪಾಸ್ಟ್ ಪೋಸ್ಟ್ಸ್' ಒತ್ತಿದ್ದ. ಎಡವಿದ್ದೇ ಇಲ್ಲಿ. ಆ ಬಟನ್ ನಿಮ್ಮದೇ ಟೈಮ್‌ಲೈನಿನ ಪಬ್ಲಿಕ್ ಪೋಸ್ಟುಗಳನ್ನು 'ಫ್ರೆಂಡ್ಸ್'ಗೆ ಇಳಿಸುತ್ತದೆ, ಅಷ್ಟೇ. ಬೇರೆಯವರ ಪೋಸ್ಟಿನ ಕೆಳಗೆ ನೀವು ಬರೆದದ್ದು ಯಾರಿಗೆ ಕಾಣಬೇಕೆಂಬುದು ಪೋಸ್ಟ್ ಹಾಕಿದವರ ಕೈಯಲ್ಲಿದೆ. ಅದಕ್ಕೆ ಫೇಸ್‌ಬುಕ್‌ನಲ್ಲಿ ನೀವು ಮಾಡಿದ್ದೆಲ್ಲ ದಾಖಲಾಗಿರುವ 'ಆ್ಯಕ್ಟಿವಿಟಿ ಲಾಗ್'ಗೆ ಹೋಗಿ, ಕಾಮೆಂಟ್ಸ್ ತೆರೆದು, ವರ್ಷವರ್ಷ ಹಿಂದಕ್ಕೆ ಹೋಗುತ್ತ ಬೇಡದವನ್ನು ಅಳಿಸಬೇಕು. ತಲೆನೋವಿನ ಕೆಲಸ, ನಿಜ. ಟ್ಯಾಗ್ ಆದ ಫೋಟೊದಿಂದ ನಿಮ್ಮ ಹೆಸರು ಕಳಚಬಹುದು, ಫೋಟೊ ಹೋಗಬೇಕೆಂದರೆ ಹಾಕಿದವರನ್ನೇ ಕೇಳಬೇಕು. ಅಕೌಂಟನ್ನೇ ಡಿಲೀಟ್ ಮಾಡುತ್ತೇನೆಂದರೆ ಮೊದಲ 30 ದಿನ ಕಾಯುವ ಅವಧಿ, ಎಲ್ಲ ಅಳಿಯಲು 90 ದಿನದವರೆಗೂ ಹಿಡಿಯಬಹುದು. ಇಂಟರ್‌ವ್ಯೂ ವಾರದಲ್ಲಿ ಶುರುಮಾಡಿದರೆ ಪ್ರಯೋಜನವಿಲ್ಲ.

ಇದಕ್ಕೂ ಮೊದಲು ಬ್ರೌಸರಿನ ಇನ್‌ಕಾಗ್ನಿಟೊದಲ್ಲಿ, ಅಂದರೆ ನಿಮ್ಮ ಲಾಗಿನ್ ಇಲ್ಲದ ಖಾಸಗಿ ವಿಂಡೋದಲ್ಲಿ, ನಿಮ್ಮ ಹೆಸರು ಹುಡುಕಿ. ಇಂಗ್ಲಿಷ್, ಕನ್ನಡ, ದೇವನಾಗರಿ ಮೂರರಲ್ಲೂ ಹುಡುಕಬೇಕು. ಅಡ್ಡಹೆಸರಿಗೆ ಎರಡು ಮೂರು ಸ್ಪೆಲಿಂಗ್ ಇದ್ದರೆ ಅವೂ ಸೇರಲಿ. ಜನ ಮರೆಯುವುದು ಕಾಲೇಜು ದಿನಗಳ ಯೂಸರ್‌ನೇಮ್. ಒಂದೇ ಹೆಸರನ್ನು ಎಲ್ಲ ಕಡೆ ಬಳಸಿದ್ದರೆ ಒಂದು ಸಿಕ್ಕವರಿಗೆ ಉಳಿದವೂ ಸಿಗುತ್ತವೆ. ಕನ್ನಡ ಯಾರಿಗೆ ತಿಳಿಯುತ್ತೆ ಅನ್ನಬೇಡಿ: ಅನುವಾದದ ಬಟನ್ ಅಲ್ಲೇ ಇದೆ, ಹಿಂಜವಡಿಯ ಆಫೀಸುಗಳಲ್ಲಿ ನಮ್ಮವರೂ ಇದ್ದಾರೆ. ಅಳಿಸಿದ ಮೇಲೂ ಗೂಗಲ್‌ನಲ್ಲಿ ಹಳೆ ಸಾಲು ಕಂಡರೆ ಗೂಗಲ್‌ನದೇ 'ಔಟ್‌ಡೇಟೆಡ್ ಕಂಟೆಂಟ್' ಪುಟದಲ್ಲಿ ಲಿಂಕ್ ಕೊಡಿ. ಮೂಲ ಬರಹ ಇನ್ನೂ ಇದ್ದರೆ ಆ ಮನವಿ ನಡೆಯುವುದಿಲ್ಲ.

'66ಎ ರದ್ದಾಯಿತಲ್ಲ' ಎಂಬ ಧೈರ್ಯ ಬೇರೆ ಕೆಲವರಿಗೆ. ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹವಾಗಿ ಬರೆದರೆ ಜೈಲು ಎನ್ನುತ್ತಿದ್ದ ಐಟಿ ಕಾಯ್ದೆಯ ಕಲಮು ಅದು. 2012ರಲ್ಲಿ ಮುಂಬೈ ಬಂದ್ ಬಗ್ಗೆ ಫೇಸ್‌ಬುಕ್ಕಿನಲ್ಲಿ ಬರೆದದ್ದಕ್ಕೆ, ಅದನ್ನು ಲೈಕ್ ಮಾಡಿದ್ದಕ್ಕೆ ಪಾಲ್ಘರ್‌ನಲ್ಲಿ ಇಬ್ಬರು ಯುವತಿಯರ ಬಂಧನವಾಯಿತು, 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಆ ಕಲಮನ್ನು ಕಿತ್ತುಹಾಕಿತು, ಸರಿ. ಆದರೆ ಅದು ಖಾಸಗಿ ಕಂಪನಿ ಆಫರ್ ಹಿಂತೆಗೆಯುವುದನ್ನು ತಡೆಯುವುದಿಲ್ಲ. ಭಾಷೆಯ ಹೆಸರಲ್ಲಿ ದ್ವೇಷ ಹುಟ್ಟಿಸಿದರೆ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಮಿನಡಿ 3 ವರ್ಷದವರೆಗೆ ಜೈಲು ಇದ್ದೇ ಇದೆ.

ವೆರಿಫಿಕೇಶನ್‌ಗೆ ಸಹಿ ಹಾಕುವ ಒಪ್ಪಿಗೆ ಪತ್ರದಲ್ಲಿ 'ಸೋಶಿಯಲ್ ಮೀಡಿಯಾ' ಎಂಬ ಸಾಲಿದೆಯೇ ನೋಡಿ. ಇದ್ದರೆ, ವೆರಿಫಿಕೇಶನ್ ಮುಗಿಯಿತೆಂದು ಎಚ್‌ಆರ್‌ನಿಂದ ಮೇಲ್ ಬರುವವರೆಗೆ ಆದಷ್ಟೂ ಪೇಪರ್ ಹಾಕಬೇಡಿ. ಯಾವುದಾದರೂ ಹಳೆ ಪೋಸ್ಟ್ ಬಗ್ಗೆ ಕೇಳಿದರೆ 'ಅಕೌಂಟ್ ಹ್ಯಾಕ್ ಆಗಿತ್ತು' ಎನ್ನಬೇಡಿ. ವರದಿಯಲ್ಲಿ ಏನಿದೆಯೆಂದು ಮೇಲ್‌ನಲ್ಲೇ ಕೇಳಿ, ನಿಮ್ಮ ಉತ್ತರವನ್ನೂ ಮೇಲ್‌ನಲ್ಲೇ ಕೊಡಿ.